ಹುಳದ ಮನೆಗೆ ಮೀನು ಹೊತ್ತ ಅಳಿಯ

ಮೀನು ತಿನ್ನೋನ ಗಂಟಲಿಗೆ ಒಂದಲ್ಲ ಒಂದು ದಿನ ಮುಳ್ಳು ಸಿಕ್ಕೇ ಸಿಗುತ್ತೆ. ನನಗೆ ಮಾತ್ರ ಮುಳ್ಳೆಲ್ಲ ಸಿಕ್ಕಿದ್ದು ಮಾವನ ಮನೆಯಲ್ಲಿ.

ನಾನು ಪೆರೇಸಂದ್ರದ ಪಕ್ಕದ ಹಳ್ಳಿಯವನು. ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೆ ಮೀನಿನ ವಿಷಯದಲ್ಲಿ ನನ್ನನ್ನು ಮೀರಿಸೋನು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕೆರೆಯ ಕೊರಮೀನು, ಗದ್ದೆ ಬದುವಿನ ಏಡಿ, ಚಿಂತಾಮಣಿ ಸಂತೆಯ ಒಣ ಸೀಗಡಿ, ಯಾವಾಗಲೋ ಒಮ್ಮೆ ಗೌರಿಬಿದನೂರಿನಲ್ಲಿ ರೈಲಿನಿಂದ ಇಳೀತಿದ್ದ ಸಮುದ್ರದ ಮೀನು, ಯಾವುದನ್ನು ಕಣ್ಣು ಕಟ್ಟಿ ಬಾಯಿಗಿಟ್ಟರೂ ಇದು ಇಂಥ ನೀರಿನದು ಅಂತ ಹೇಳ್ತಿದ್ದೆ. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಊರಿಗೆ ಊರೇ ಮೀನು ಹಿಡಿಯೋ ಬಿದಿರಿನ ಕೂಳಿ ಹಿಡಿದು ದಂಡೆ ಮೇಲೆ ನಿಲ್ಲೋದು. ಮೊದಲು ನೀರಿಗೆ ಇಳಿಯೋ ಮರ್ಯಾದೆ ನನ್ನದು. ನಾನು ಇಳಿದರೆ ಮೀನುಗಳೇ "ಬಂದ ಕಣ್ರಪ್ಪ" ಅಂತ ಒಂದು ಮೂಲೆ ಸೇರ್ತಿದ್ದವು.

ಅಂಥವನಿಗೆ ಹೆಣ್ಣು ಕೊಟ್ಟಿದ್ದು ಜಂಗಮಕೋಟೆಯಲ್ಲಿ ರೇಷ್ಮೆ ಹುಳ ಸಾಕೋ ಮನೆಯವರು. ಹುಳ ಇರೋ ಮನೆಗೆ ಮೀನಿನ ವಾಸನೆ ಸೋಕಬಾರದು, ಸೋಕಿದರೆ ಹುಳ ಮೇವು ಬಿಡುತ್ತೆ ಅಂತ ಅವರ ನಂಬಿಕೆ. ಇದನ್ನು ಕೇಳಿ ನಮ್ಮೂರ ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನೂ ಬಿಡಲಿಲ್ಲ, ಕೆರೆ ದಂಡೆ ಮೇಲೆ ನಿಂತು ಮಾತು ಕೊಟ್ಟುಬಿಟ್ಟೆ. ಮುಂದಿನ ಬೇಸಿಗೆ ಒಳಗೆ ಮಾವನ ನಡುಮನೆಯಲ್ಲೇ ಕೂತು ಮೀನು ತಿಂದು ಬರ್ತೀನಿ. ಇಲ್ಲದಿದ್ದರೆ ಮೊದಲು ಇಳಿಯೋ ಮರ್ಯಾದೆ ಬೇರೆಯವರಿಗೆ, ನಾನು ದಂಡೆ ಮೇಲೆ ಕೂತು ನೀವು ಹಿಡಿದ ಮೀನೆಲ್ಲ ಕಲ್ಲಿಗೆ ಉಜ್ಜಿ ಶುಚಿ ಮಾಡಿ ಕೊಡ್ತೀನಿ ಅಂತ.

ಬಾಗಿಲಲ್ಲೇ ದರ್ಶನ

ಮೀನು ಸಾರು ಮಾರನೇ ದಿನವೇ ರುಚಿ. ಹಂಗಾಗಿ ಹಿಂದಿನ ದಿನದ ಸಾರಿಗೆ ಬೆಳಗ್ಗೆ ಮುದ್ದೆ ಮುರಿದು, ಹೆಂಡತಿ ಜೊತೆ ಜಂಗಮಕೋಟೆಗೆ ಹೊರಟೆ. ನಾನಿನ್ನೂ ಬೀದಿ ತಿರುವಿನಲ್ಲಿದ್ದೆ, ಮಾವ ಜಗಲಿ ಮೇಲೆ ಮೂಗು ಎತ್ತಿದರು. ಮಗಳನ್ನು ಒಳಗೆ ಕಳಿಸಿ, ನನ್ನನ್ನು ಬಾವಿ ಹತ್ತಿರ ಕರೆದೊಯ್ದು ಸೀಗೆಪುಡಿ ಕೈಗೆ ಕೊಟ್ಟರು. ಸ್ನಾನ ಆಯ್ತು. ಹತ್ತಿರ ಬಂದು ಮೂಸಿದರು. ಇನ್ನೊಂದು ಸ್ನಾನ ಆಯ್ತು. ಆಮೇಲೂ ಹೊಸ ಅಳಿಯನಿಗೆ ಎಲೆ ಹಾಕಿದ್ದು ದನದ ಕೊಟ್ಟಿಗೆಯಲ್ಲಿ. ಪಕ್ಕದಲ್ಲಿ ಎಮ್ಮೆ ಮೆಲುಕು ಹಾಕ್ತಾ ನನ್ನನ್ನೇ ನೋಡ್ತಿತ್ತು. ನನಗೆ ಸಿಟ್ಟು ಬಂತು. ಅಳಿಯ ಅಂದರೆ ದೇವರ ಸಮಾನ ಅಂತಾರಲ್ಲ, ಇದೇನು ಮಾವ ಅಂತ ಕೇಳಿದೆ.

"ನೀನು ದೇವರೇ ಕಣಪ್ಪ, ಇಲ್ಲ ಅನ್ನಲ್ಲ," ಅಂದರು ಮಾವ. "ಆದ್ರೆ ದೇವರು ಗೂಡು ಕಟ್ಟಲ್ಲ, ಹುಳ ಕಟ್ತಾವೆ."

ನೋಡೋ ನೀರು

ಸತ್ತ ಮೀನಿಗೆ ತಾನೇ ವಾಸನೆ, ಜೀವಂತ ಮೀನಿಗೆ ಎಲ್ಲಿದೆ? ಹೀಗೆ ಯೋಚಿಸಿ ನಮ್ಮ ಕೆರೆಯಲ್ಲಿ ಒಂದು ಕೊರಮೀನು ಹಿಡಿದೆ. ಹಿಡಿದೆ ಅಂದರೆ ಸುಲಭಕ್ಕಲ್ಲ. ಅದು ನನ್ನನ್ನು ಆ ದಡದಿಂದ ಈ ದಡಕ್ಕೆ ಎಳೆದಾಡಿತು. ನಡುವೆ ಸುಸ್ತಾಗಿ ಇಬ್ಬರೂ ಒಂದು ಬಂಡೆ ಮೇಲೆ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡೆವು. ಆಮೇಲೆ ಅದನ್ನು ಹಿತ್ತಾಳೆ ಕೊಡದ ನೀರಿಗೆ ಬಿಟ್ಟು, ಕೊಡ ಕಾಲ ಹತ್ತಿರ ಇಟ್ಟುಕೊಂಡು ಬಸ್ಸು ಹತ್ತಿದೆ.

ಪಕ್ಕದಲ್ಲಿ ಒಬ್ಬ ಅಜ್ಜಿ, ತೆಲುಗಿನವಳು, ಕಂಕುಳಲ್ಲಿ ಒಂದು ಚೀಲ. ಬಾಯಾರಿಕೆ ಆಗ್ತಿದೆ, ಒಂದು ಗುಟುಕು ನೀರು ಕೊಡಪ್ಪ ಅಂತ ಕೇಳಿದಳು. ಕೊಡೋ ಹಂಗಿಲ್ಲ, ಇಲ್ಲ ಅನ್ನೋ ಹಂಗೂ ಇಲ್ಲ. ನಾನು ತಡವರಿಸ್ತಿದ್ದಂಗೆ ಅವಳೇ ಕೊಡದ ಮುಚ್ಚಳ ತೆಗೆದು ಬಗ್ಗಿದಳು. ಬಗ್ಗಿದವಳು ಹಂಗೇ ನಿಂತಳು.

"ನಾಯನಾ, ನೀ ನೀಳ್ಳು ನನ್ನೇ ಚೂಸ್ತುನ್ನಾಯಿ," ಅಂದಳು. ನಿನ್ನ ನೀರು ನನ್ನೇ ನೋಡ್ತಾ ಇದೆ ಅಂತ.

ನಮ್ಮೂರ ನೀರೇ ಹಂಗೆ ಅಜ್ಜಿ, ಹೊಸಬರನ್ನ ಕಂಡರೆ ನೋಡುತ್ತೆ ಅಂದೆ. ಅಷ್ಟರಲ್ಲಿ ಬಸ್ಸು ಗುಂಡಿಗೆ ಇಳಿದು ಕೊಡ ಉರುಳಿ, ಮೀನು ಸೀಟುಗಳ ಕೆಳಗೆ ನುಗ್ಗಿತು. ಜನ ಕಾಲು ಮೇಲೆತ್ತಿಕೊಂಡು ಕೂತರು. ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಇಳಿದ ಮೇಲೆ ಮೊಣಕಾಲೂರಿ ಹುಡುಕಿದೆ. ಮೀನೂ ಇರಲಿಲ್ಲ, ಚೀಲವೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ.

ಜಗಲಿ ಮೇಲಿನ ನೆಂಟರು

ಇನ್ನೊಂದು ಸಲ ಚಿಂತಾಮಣಿ ಸಂತೆಯಿಂದ ಒಣ ಸೀಗಡಿ ತಂದು, ಎಲೆಯಲ್ಲಿ ಬಿಗಿಯಾಗಿ ಕಟ್ಟಿ ಮಾವನ ಮನೆ ಸೂರಿನ ಸಂದಿಯಲ್ಲಿ ಸಿಕ್ಕಿಸಿದೆ. ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೀಳೋಕೆ ತೋಟಕ್ಕೆ ಹೋದಾಗ ನಡುಮನೆಯಲ್ಲಿ ಕೂತು ಬಾಯಿಗೆ ಹಾಕಿಕೊಳ್ಳೋಣ ಅಂತ. ಅವರು ಹೋದರು. ನಾನು ಹೊರಗೆ ಬಂದು ನೋಡ್ತೀನಿ, ಜಂಗಮಕೋಟೆಯ ಬೆಕ್ಕೆಲ್ಲ ಹರಿಕಥೆ ಕೇಳೋಕೆ ಬಂದವರ ಹಂಗೆ ಸಾಲಾಗಿ ಕೂತು ಸೂರಿನ ಕಡೆ ಕತ್ತೆತ್ತಿದ್ದವು. ಓಡಿಸಿದಷ್ಟೂ ಹತ್ತಿರ ಬಂದವು. ಒಂದು ಕರಿ ಬೆಕ್ಕು ಆಗಲೇ ಸೂರು ಹತ್ತಿ ಪೊಟ್ಟಣ ಬಿಚ್ಚಿ, ಊರಿಗೆಲ್ಲ ಹಂಚಿತು. ಅಷ್ಟರಲ್ಲಿ ಮಾವ ಸೊಪ್ಪಿನ ಹೊರೆ ಹೊತ್ತು ವಾಪಸ್ಸು ಬಂದರು. ಬೆಕ್ಕುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಏನಪ್ಪ, ನಿಮ್ಮ ಕಡೆ ನೆಂಟರೆಲ್ಲ ಬಂದವ್ರೆ," ಅಂದರು. "ಇವರಿಗೂ ಸೀಗೆಪುಡಿ ಕೊಡಲಾ?"

ಮನೆ ಬೆಳೆ

ಬೇಸಿಗೆ ಬಂತು. ಕೆರೆ ತಳ ಕಾಣ್ತಾ ಇತ್ತು. ಗೆಳೆಯರು ನನಗೆ ಅಂತಲೇ ಮೀನು ಉಜ್ಜೋ ಒರಟು ಕಲ್ಲು ಹುಡುಕಿ ದಂಡೆ ಮೇಲೆ ಇಟ್ಟಿದ್ದರು. ನಾನು ಸೋತ ಮುಖ ಹಾಕಿಕೊಂಡು ಕೊನೇ ಸಲ ಅಂತ ಜಂಗಮಕೋಟೆಗೆ ಹೋದೆ.

ಹುಳವೆಲ್ಲ ಗೂಡು ಕಟ್ಟಿ ಮಾವನ ಬೆಳೆ ಮುಗಿದಿತ್ತು. ಗೂಡು ಹೊತ್ತುಕೊಂಡು ಇಬ್ಬರೂ ಶಿಡ್ಲಘಟ್ಟಕ್ಕೆ ಹೋದೆವು. ಮಾವ ಯಾವಾಗಲೂ ಗೂಡು ಹಾಕೋದು ನೂಲು ತೆಗೆಯೋರ ಒಂದೇ ಮನೆಗೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಒಳಗೆ ಉಳಿಯೋ ಸತ್ತ ಹುಳವನ್ನು ಅವರು ಹಿತ್ತಲ ಕುಂಟೆಯ ನೀರಿಗೆ ಚೆಲ್ತಿದ್ದರು. ಆ ಕುಂಟೆ ಮೀನುಗಳನ್ನು ನೋಡಬೇಕಿತ್ತು. ಅವು ಈಜ್ತಿರಲಿಲ್ಲ, ಹೊಟ್ಟೆ ಹೊತ್ತುಕೊಂಡು ನಡೀತಿದ್ದವು. ಮನೆಯವರನ್ನು ಕೇಳಿ, ಗಾಳಕ್ಕೆ ಅದೇ ಹುಳ ಸಿಕ್ಕಿಸಿ ಒಂದನ್ನು ಎಳೆದೆ.

ಮಾವ ದಾರಿಯುದ್ದಕ್ಕೂ ನನ್ನಿಂದ ದೂರ, ಗಾಳಿ ಬರೋ ಕಡೆಗೇ ನಡೆದರು. ಮನೆ ಮುಟ್ಟಿದವರೇ ಬಾಗಿಲಿಗೆ ಅಡ್ಡ ನಿಂತರು. ಹುಳ ಇಲ್ಲದಿದ್ದರೇನು, ಗೋಡೆಗೆ ಹಿಡಿದ ವಾಸನೆ ಮುಂದಿನ ಹುಳಕ್ಕೆ ತಟ್ಟುತ್ತೆ ಅಂದರು. ನಾನು ಕೈ ಮುಗಿದೆ. ಮಾವ, ಇದು ಹೊರಗಿನ ಮೀನಲ್ಲ, ನಿಮ್ಮ ಹುಳ ತಿಂದೇ ಬೆಳೆದಿದ್ದು ಅಂದೆ.

ಮಾವ ಮೊದಲ ಸಲ ಮೀನನ್ನು ನೆಟ್ಟಗೆ ನೋಡಿದರು.

"ನಮ್ಮ ಹುಳಾನಾ?"

"ನಿಮ್ಮದೇ ಮಾವ."

"ಆ ಹುಳ ತಿಂದಿದ್ದು ನಮ್ಮ ತೋಟದ ಸೊಪ್ಪು?"

"ಇನ್ನೇನು ಮತ್ತೆ."

"ಹಂಗಂದ್ಮೇಲೆ ಇದು ನಮ್ಮನೆ ಬೆಳೆ ಕಣಪ್ಪ. ಹೊರಗೆ ಯಾಕೆ ನಿಲ್ಲಿಸಿದ್ದೀಯ, ಒಳಗೆ ತಗೊಂಡ್ ಬಾ."

ಅತ್ತೆ ಕೆರೆ ಊರಿನ ಹೆಣ್ಣುಮಗಳು, ಮದುವೆಯಾದಾಗಿಂದ ಆ ಮನೆಯಲ್ಲಿ ಮೀನು ಕಂಡವರಲ್ಲ. ಮಾವ ಮಾತು ಮುಗಿಸೋ ಮೊದಲೇ ಒಳಗೆ ಹುಣಸೇಹಣ್ಣು ನೆನೆದಾಗಿತ್ತು.

ನಡುಮನೆಯಲ್ಲಿ ಎಲೆ ಹಾಕಿದರು. ಬೆಳೆ ಬೆಳೆದವರಿಗೆ ಮೊದಲು ಅಂತ ತಲೆ ಮಾವನ ಎಲೆಗೆ ಹೋಯಿತು. ನಡು ತುಂಡುಗಳೂ ಅದರ ಹಿಂದೆಯೇ ಹೋದವು. ನನಗೆ ಬಂದಿದ್ದು ಬಾಲ. ಬಾಲವೂ ಮೀನೇ ತಾನೇ? ಕೆರೆಗೆ ಮೊದಲು ಇಳಿಯೋ ಮರ್ಯಾದೆ ಉಳೀತು ಅಂತ ಮುದ್ದೆ ಜೊತೆ ನುಂಗಿದೆ.

ಮಾವ ಒಂದು ಮುಳ್ಳೂ ಬಿಡದೆ ಚೀಪಿ, ಬೆರಳು ನೆಕ್ಕಿ, ಗೋಡೆಗೆ ಒರಗಿದರು. ಎಲ್ಲಿ ಇನ್ನೊಂದು ಸ್ನಾನ ಮಾಡಿಸ್ತಾರೋ ಅಂತ ನಾನು ಬಾವಿ ಕಡೆ ಒಂದು ಕಣ್ಣಿಟ್ಟಿದ್ದೆ.

"ಈ ವರ್ಷ ತೋಟಕ್ಕೆ ಗೊಬ್ಬರ ಕಮ್ಮಿ ಆಯ್ತು ಕಣಪ್ಪ," ಅಂದರು. "ಇಲ್ಲದಿದ್ರೆ ಮೀನು ಇನ್ನೂ ದಪ್ಪ ಬರ್ತಿತ್ತು."