ಚಿಕ್ಕಮ್ಮನ ಬಾಗಿಲಿನ ಅಮೀಬಾ

ನಮ್ಮ ಚಿಕ್ಕಮ್ಮ ಬೆಳಗ್ಗೆ ಎದ್ದು ದೇವರ ಮುಖಕ್ಕಿಂತ ಮೊದಲು ಅಮೀಬಾದ ಮುಖ ನೋಡುತ್ತಾರೆ. ಅದಕ್ಕೆ ಮುಖವೇ ಇಲ್ಲವಲ್ಲ ಎಂದಿರಾ? ರಾಜಾಜಿನಗರದ ಅವರ ಮನೆಯಲ್ಲಿ ಮಾತ್ರ ಆ ಮಾತು ಆಡಬೇಡಿ, ಕಾಫಿ ಸಿಗುವುದಿಲ್ಲ!

ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ದಿನ ಬೇರೆಯವರಾಗಿದ್ದರೆ ಶಾಲು, ಹಣ್ಣಿನ ಬುಟ್ಟಿ ಹೊತ್ತು ತರುತ್ತಿದ್ದರು. ಇವರು ಮೂಲೆಗೆ ಬಿದ್ದಿದ್ದ ಹಳೆಯ ಮೈಕ್ರೋಸ್ಕೋಪನ್ನು ಕೇಳಿ ತಂದರು. ಇನ್ನು ಅಮೀಬಾ ಬೇಡವೇ? ಉಲ್ಲಾಳದ ಕೆರೆಗೆ ಬಸ್ಸು ಹತ್ತಿದರು. ಬರುವಾಗ ಮಡಿಲಲ್ಲಿದ್ದ ಕೆಸರುನೀರಿನ ಬಾಟಲಿ ಕಂಡು ಕಂಡಕ್ಟರ್ ವಿಚಾರಿಸಿದನಂತೆ:

“ಏನಮ್ಮಾ ಅದು, ಕಷಾಯನಾ?”

“ಅಲ್ಲಪ್ಪಾ, ಜೀವ ಇರೋವು. ಟಿಕೆಟ್ ಬೇಕಾ?”

“ಹೆಂಗಸ್ರಿಗೆ ಫ್ರೀ. ಅವು ಗಂಡೋ, ಹೆಣ್ಣೋ?”

“ಎರಡೂ ಅಲ್ಲ!”

ಅವನು ಮತ್ತೆ ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಒಂದು ಕಾಲದಲ್ಲಿ ಚಿಕ್ಕಮ್ಮನ ರಂಗೋಲಿ ನೋಡಲು ಪಕ್ಕದ ಬೀದಿಯವರು ಸುತ್ತು ಹಾಕಿಕೊಂಡು ಬರುತ್ತಿದ್ದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಅತ್ತೆ, ಅಂದರೆ ನಮಗೆಲ್ಲ ಅಜ್ಜಿ, “ಇನ್ನು ನೀನು ಬಾಗಿಲಿಗೆ ರಂಗೋಲಿ ಹಾಕೋದು ಬೇಡ ಕಣಮ್ಮಾ” ಎಂದುಬಿಟ್ಟರು. ಬಾಗಿಲ ಮುಂದೆ ತಿಂಗಳುಗಟ್ಟಲೆ ಬರಿಯ ನೀರು. ಆಮೇಲೆ ಒಂದು ಬೆಳಗ್ಗೆ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದವರೇ ರಂಗೋಲಿ ಡಬ್ಬಿ ಹಿಡಿದು ಹೊರಟರು. ಚುಕ್ಕಿಯಿಲ್ಲ, ಲೆಕ್ಕವಿಲ್ಲ. ನಡುವೆ ಒಂದು ಮುದ್ದೆ, ಅದರಿಂದ ಎತ್ತೆತ್ತಲೋ ಕವಲೊಡೆದ ಮಿಥ್ಯಾಪಾದಗಳು!

“ಇದೇನೇ ಇದು?” ಎಂದರು ಅಜ್ಜಿ.

“ಅಮೀಬಾ, ಅತ್ತೆ. ರಂಗೋಲಿ ಅಲ್ಲ.”

ಅಮೀಬಾ ಹಾಕಬಾರದೆಂದು ಯಾವ ಶಾಸ್ತ್ರದಲ್ಲಿದೆ? ಅಜ್ಜಿ ಬಗ್ಗಿ ಕವಲುಗಳನ್ನು ಎಣಿಸಿದರು. “ಇಷ್ಟೊಂದು ಕಾಲು ಯಾಕೆ ಅದಕ್ಕೆ?”

“ಅದಕ್ಕೆ ಕಾಲೇ ಇಲ್ಲ ಅತ್ತೆ. ಹೋಗ್ಬೇಕು ಅನ್ಸಿದ ಕಡೆಗೆ ಮೈನೇ ಚಾಚಿ ಕಾಲು ಮಾಡ್ಕೊಳುತ್ತೆ.”

“ಥೇಟ್ ನಿನ್ನ ಹಾಗೇ!”

ಅಂದಿನಿಂದ ಬಾಗಿಲಿಗೆ ದಿನಕ್ಕೊಂದು ಆಕಾರ. ಹಾಲಿನವನಂತೂ ಮೊದಲ ವಾರವಿಡೀ, “ಚೆಲ್ಲಿದ್ದು ನಾನಲ್ಲ ಆಂಟಿ!” ಎಂದು ಆಣೆ ಹಾಕಿದ.

ಮೊನ್ನೆ ಚಿಕ್ಕಮ್ಮನಿಗೆ ಜ್ವರ. ಮೇಲೇಳಲು ಆಗುತ್ತಿಲ್ಲ ಎಂದು ಫೋನು ಮಾಡಿದರು. ಪಾಪ, ಬಾಗಿಲು ಬರಿದಾಗಿರುತ್ತದಲ್ಲ ಎಂದುಕೊಂಡು ಬೆಳಗ್ಗೆಯೇ ಹೋದೆ. ಅಜ್ಜ ಹೋದಾಗಿನಿಂದ ರಂಗೋಲಿ ಪುಡಿಯನ್ನೇ ಮುಟ್ಟದ ಅಜ್ಜಿ ಹೊಸಿಲಾಚೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ರಂಗೋಲಿ ಡಬ್ಬಿ, ಮುಂದೆ ಎತ್ತಲೋ ಹರಿದ ಗೆರೆ.

“ನಿಂತ್ಕೊಂಡ್ ಏನ್ ನೋಡ್ತೀಯೇ? ಒಳಗೆ ಹೋಗಿ ಆ ಗಾಜಲ್ಲಿ ಇಣುಕಿ ಬಾ. ಇವತ್ತು ಯಾವ ಕಡೆ ಕಾಲು ಚಾಚಿದೆಯೋ ಏನೋ! ತಪ್ಪು ಹಾಕಿದ್ರೆ, ಪಾಪ, ಎದ್ದ ಮೇಲೆ ಬೇಜಾರು ಮಾಡ್ಕೋತಾಳೆ.”