ಗೊಂಬೆಯೊಳಗಿನ ಹೊಟ್ಟೆಕಿಚ್ಚು

ಅಷ್ಟೂ ಅನಾಹುತಕ್ಕೆ ಕಾರಣ ಅವನ ಬಾಯಿಂದ ಜಾರಿದ ಒಂದು ‘ಹೂಂ’.

ಬೆಳಿಗ್ಗೆ ಬೀಗದಂಗಡಿ ತೆರೆದು, ಕೀ ಉಜ್ಜುವ ಅರ ಕೈಗೆತ್ತಿಕೊಳ್ಳುವ ಹೊತ್ತಿಗೆ ಎದುರುಗೋಡೆಯ ಮೇಲೆ ಹೊಸ ಪೋಸ್ಟರು ಕಾಣಿಸಿತು. ಇನ್ನೂ ಅಂಟು ಆರಿರಲಿಲ್ಲ. ‘ಫ್ರಾಕು ತೊಟ್ಟ ಯಮ, ಭಾಗ ಎರಡು. ಚಿತ್ರೀಕರಣ ನಡೆಯುತ್ತಿದೆ.’ ಗುಲಾಬಿ ಫ್ರಾಕಿನ ಗೊಂಬೆ, ಕೈಯಲ್ಲಿ ಚೂರಿ, ಕುತ್ತಿಗೆ ಎಡಕ್ಕೆ ಓರೆ.

ಆ ಓರೆ ಕುತ್ತಿಗೆ ನೋಡಿದ ಕೂಡಲೇ ಅವನ ಹೊಟ್ಟೆಯಲ್ಲಿ ಸೀಮೆಎಣ್ಣೆ ಸ್ಟೌ ಹೊತ್ತಿಕೊಂಡ ಹಾಗಾಯಿತು. ಯಾಕೆಂದರೆ ಅದು ಅವನ ಕುತ್ತಿಗೆ. ಮೊದಲ ಭಾಗದಲ್ಲಿ ಗೊಂಬೆಯ ವೇಷದ ಒಳಗಿದ್ದವನು ಅವನೇ. ಆಳು ಕುಳ್ಳು, ಕೌಂಟರಿನ ಹಿಂದೆ ಮಣೆ ಹಾಕಿಕೊಂಡು ನಿಂತರೆ ಮಾತ್ರ ಗಿರಾಕಿಗಳಿಗೆ ಮುಖ ಕಾಣುತ್ತಿತ್ತು. ಕೀ ಮಾಡಿಸಲು ಬಂದ ಸಿನಿಮಾ ಮ್ಯಾನೇಜರು ಅವನನ್ನು ನೋಡಿ ಕೀಯನ್ನೇ ಮರೆತು ಕರೆದುಕೊಂಡು ಹೋಗಿದ್ದ. ಗೊಂಬೆಯ ತಲೆ ಭಾರಕ್ಕೆ ಎಡಕ್ಕೆ ವಾಲಿದಾಗ ನಿರ್ದೇಶಕರು ‘ಅದೇ, ಅದೇ ಬೇಕಾಗಿದ್ದು’ ಎಂದಿದ್ದರು. ಬೂಟು ಕಚ್ಚಿ ಅವನು ಕುಂಟಿದರೆ ಅದನ್ನೂ ಇಟ್ಟುಕೊಂಡಿದ್ದರು. ಸಿನಿಮಾ ಓಡಿತು. ಅವತ್ತಿನಿಂದ ಬೀದಿಗೆಲ್ಲ ಅವನು ಗೊಂಬೆಯಣ್ಣ. ಆದರೆ ಎರಡನೇ ಭಾಗಕ್ಕೆ ಅವನನ್ನು ಕರೆಯಲಿಲ್ಲ. ‘ಈ ಸಲ ಗೊಂಬೆ ಗೋಡೆ ಹತ್ತಬೇಕು, ಪಲ್ಟಿ ಹೊಡೀಬೇಕು, ಅದಕ್ಕೆ ಸರ್ಕಸ್ಸಿನವರು ಸಿಕ್ಕಿದ್ದಾರೆ’ ಎಂದು ಮ್ಯಾನೇಜರು ಫೋನಿನಲ್ಲೇ ಮುಗಿಸಿದ್ದ. ಈ ಸಂಗತಿ ಅವನನ್ನೂ ಅವನ ಹೆಂಡತಿಯನ್ನೂ ಬಿಟ್ಟರೆ ಬೀದಿಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

“ಗೊಂಬೆಯಣ್ಣ, ಈ ಸಲ ಸ್ವಲ್ಪ ಇಳಿದಿದ್ದೀರಲ್ಲ,” ಎಂದಳು ಮಹಡಿ ಮೇಲಿನ ಟೈಲರ್ ಅಕ್ಕ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಪೋಸ್ಟರಿನ ಮುಂದೆ ನಿಂತು.

ಅದು ನಾನಲ್ಲ ಎಂದುಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನ ನಾಲಿಗೆ ಅವನನ್ನು ಕೇಳದೆಯೇ “ಹೂಂ” ಎಂದಿತು.

“ಊಟ ಕಮ್ಮಿ ಮಾಡಿದ್ರಾ?”

“ಹೂಂ.”

“ಶೂಟಿಂಗ್ ಇಲ್ಲೇ ಹಿಂದಿನ ಬೀದಿ ಬೆಂಕಿಪೊಟ್ಟಣದ ಫ್ಯಾಕ್ಟರೀಲಂತಲ್ಲ. ಇವತ್ತೂ ಇದೆಯಂತೆ. ನೀವೇನು ಇಲ್ಲೇ ಕೂತಿದ್ದೀರಿ?”

“ನನ್ನ ಭಾಗ ಮಧ್ಯಾಹ್ನಕ್ಕೆ,” ಎಂದ ಗೊಂಬೆಯಣ್ಣ.

ಟೈಲರ್ ಅಕ್ಕನ ಕಿವಿಗೆ ಬಿದ್ದ ಮಾತು ಹೊಲಿಗೆ ಬಿಚ್ಚಿದ ಚೀಲದೊಳಗಿನ ಕಾಳಿದ್ದಂತೆ, ಹೋದಲ್ಲೆಲ್ಲ ಉದುರುತ್ತಿತ್ತು. ಅಂಗಡಿಯ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರ್ ತಾತ ಬಂದು ನಿಲ್ಲಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

“ನೋಡಪ್ಪಾ, ನಾವು ಬೀದಿಯವರೆಲ್ಲ ಒಟ್ಟಿಗೆ ಬರೋಣ ಅಂತಿದ್ದೀವಿ. ನಮ್ಮ ಹುಡುಗ ಕೊಲೆ ಮಾಡೋದನ್ನ ನಾವಲ್ಲದೆ ಇನ್ಯಾರು ನೋಡಬೇಕು?”

“ತಾತಾ, ಅಲ್ಲಿ ಒಳಗೆ ಬಿಡಲ್ಲ.”

“ಹಗ್ಗ ಕಟ್ಟಿರ್ತಾರೆ, ಅದರ ಆಚೆ ನಿಂತ್ಕೋತೀವಿ. ನನಗೆ ದೂರದ ಕಣ್ಣು ಚೆನ್ನಾಗಿದೆ.”

ಅವನು ಅಂಗಡಿಯ ಹಿಂದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಒಪ್ಪಿಸಿದ.

“ಕರೆದಿಲ್ಲ ಅಂತ ಹೇಳಿಬಿಡಿ,” ಎಂದಳು ಅವಳು ಬಟ್ಟೆ ಮಡಚುತ್ತಾ. “ಒಂದು ದಿನ ನಗ್ತಾರೆ, ಎರಡನೇ ದಿನ ಮರೀತಾರೆ.”

“ಆ ಸರ್ಕಸ್ಸಿನವನು ನನ್ನ ಕುತ್ತಿಗೆ ಕದ್ದಿದ್ದಾನೆ ಕಣೆ.”

“ನಿಮ್ಮ ಕುತ್ತಿಗೆ ನಿಮ್ಮ ಮೇಲೇ ಇದೆಯಲ್ಲ.”

ಈ ಸಂಕಟ ಹೆಂಗಸರಿಗೆ ತಿಳಿಯುವುದಲ್ಲ ಎಂದುಕೊಂಡು ಅವನು ಫ್ಯಾಕ್ಟರಿಯ ಕಡೆ ಹೊರಟ. ನಿರ್ದೇಶಕರ ಕಾಲು ಹಿಡಿದಾದರೂ ಸರಿ, ಮೂಲೆಯಲ್ಲಿ ಬಿದ್ದಿರುವ ಹೆಣದ ಪಾತ್ರವಾದರೂ ಸರಿ, ಬೀದಿಯವರ ಕಣ್ಣಿಗೆ ಒಮ್ಮೆ ಬಿದ್ದರೆ ಸಾಕೆಂಬುದು ಅವನ ಲೆಕ್ಕಾಚಾರ.

ಗೇಟಿನಲ್ಲಿದ್ದ ಕಾವಲಿನವನು ಅವನ ಕುಳ್ಳು ಆಳನ್ನು ನೋಡಿದ್ದೇ, “ಎಲ್ಲಿ ಹೋಗಿದ್ರಿ, ಒಳಗೆ ಗೊಂಬೆ ಎಲ್ಲಿ ಅಂತ ಕೂಗಾಡ್ತಿದ್ದಾರೆ,” ಎಂದು ಒಳಗೆ ತಳ್ಳಿದ. ಗೊಂಬೆಯಣ್ಣ ಸೀದಾ ಮೇಕಪ್ ಕೋಣೆಗೆ ನಡೆದ.

ಮೇಕಪ್ ಕೋಣೆಯೆಂದರೆ ಹಿಂದೆ ಫ್ಯಾಕ್ಟರಿಯ ಮೇಸ್ತ್ರಿ ಕೂರುತ್ತಿದ್ದ ಕೋಣೆ. ಅಲ್ಲಿ ಸರ್ಕಸ್ಸಿನವನು ಫ್ಯಾನಿನ ಕೆಳಗೆ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತಿದ್ದ. ಕುರ್ಚಿಯ ಬೆನ್ನಿಗೆ ‘ಗೊಂಬೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಪಕ್ಕದಲ್ಲಿ ಹೆಚ್ಚಿಟ್ಟ ಪಪ್ಪಾಯಿ. ಗೊಂಬೆಯಣ್ಣನಿಗೆ ಮೊದಲ ಭಾಗದಲ್ಲಿ ಕೂರಲು ಕೊಟ್ಟಿದ್ದು ಬೋರಲು ಹಾಕಿದ ಬಕೆಟ್ಟು. ತಿನ್ನಲು ಕೊಟ್ಟಿದ್ದು ಬೈಗುಳ.

ಅವನು ಜಗಳಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ಸರ್ಕಸ್ಸಿನವನು ಎದ್ದು ಬಂದು ಕಾಲಿಗೇ ಬಿದ್ದ.

“ಅಣ್ಣಾ, ನೀವೇ ಅಲ್ವಾ? ನಿಮ್ಮ ಕೊಲೆಗಳನ್ನ ನೋಡಿ ನೋಡಿಯೇ ನಾನು ಕಲಿತಿದ್ದು. ಆ ಕುತ್ತಿಗೆ ಓರೆ ಮಾಡೋದು ನನಗೆ ಇವತ್ತಿಗೂ ಸರಿಯಾಗಿ ಬರಲ್ಲ.”

ಬೈಯಲು ಬಂದವನಿಗೆ ಎದುರಾಳಿ ಒಳ್ಳೆಯವನಾಗಿರುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಗೊಂಬೆಯಣ್ಣನ ಹೊಟ್ಟೆಯ ಸ್ಟೌ ಇನ್ನಷ್ಟು ಜೋರಾಗಿ ಉರಿಯಿತು.

“ಕೂತಿರಿ ಅಣ್ಣಾ, ಪಪ್ಪಾಯಿ ತಗೊಳ್ಳಿ. ಮುಖ ತೊಳೆದು ಬಂದುಬಿಡ್ತೀನಿ,” ಎಂದು ಸರ್ಕಸ್ಸಿನವನು ಬಚ್ಚಲಿಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಬಾಗಿಲ ಹೊರಗೊಂದು ಚಿಲಕವಿತ್ತು. ಇಡೀ ಆಯುಷ್ಯ ಬೀಗ, ಚಿಲಕಗಳ ಜೊತೆಗೇ ಕಳೆದ ಕೈ ಅದು. ಎದುರಿಗೆ ಚಿಲಕ ಕಂಡಾಗ ಸುಮ್ಮನಿರಲಿಲ್ಲ.

ಚಿಲಕ ಹಾಕಿದ ಮೇಲೆ ಅವನು ಹೆದರಿದ. ಹೆದರಿದ್ದರಿಂದ ಓಡಿಹೋಗಬೇಕಿತ್ತು. ಆದರೆ ಗೋಡೆಯ ಮೊಳೆಗೆ ಗುಲಾಬಿ ಫ್ರಾಕು ನೇತಾಡುತ್ತಿತ್ತು, ಮೇಜಿನ ಮೇಲೆ ಗೊಂಬೆಯ ತಲೆ ಅವನನ್ನೇ ನೋಡಿ ನಗುತ್ತಿತ್ತು. ಫ್ರಾಕು ತೊಟ್ಟ. ಅದು ಸರ್ಕಸ್ಸಿನವನ ಅಳತೆಗೆ ಹೊಲಿದದ್ದು, ಕಂಕುಳಲ್ಲಿ ಪರ್ರೆಂದಿತು. ತಲೆ ಹಾಕಿಕೊಳ್ಳುವುದಕ್ಕೂ ಮ್ಯಾನೇಜರು ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

“ಗೊಂಬೆ ರೆಡಿನಾ? ಬನ್ನಿ ಬನ್ನಿ.”

ಹೊರಗೆ ಹಳೆಯ ಬಾಯ್ಲರಿನ ಮುಂದೆ ಕ್ಯಾಮೆರಾ ನಿಂತಿತ್ತು. ಹಗ್ಗದ ಆಚೆ ಇಡೀ ಬೀದಿ ನೆರೆದಿತ್ತು. ಪೋಸ್ಟ್‌ಮಾಸ್ಟರ್ ತಾತ ಮಡಚುವ ಕುರ್ಚಿಯನ್ನೇ ತಂದಿದ್ದ. ಟೈಲರ್ ಅಕ್ಕ ಅಕ್ಕಪಕ್ಕದವರಿಗೆಲ್ಲ, “ನಮ್ಮ ಕೆಳಗಡೆ ಮನೆಯವರೇ, ಕೀ ಮಾಡ್ತಾರೆ, ಬಿಡುವಿದ್ದಾಗ ಕೊಲೆ ಮಾಡ್ತಾರೆ,” ಎನ್ನುತ್ತಿದ್ದಳು.

ನಿರ್ದೇಶಕರು ಬಂದು ಗೊಂಬೆಯ ಹೆಗಲ ಮೇಲೆ ಕೈಯಿಟ್ಟರು. “ಇದು ಕೊನೇ ದೃಶ್ಯ. ನಾಯಕಿ ಕಬ್ಬಿಣದ ಸಲಾಕೆಯಲ್ಲಿ ಹೊಡೀತಾಳೆ, ನೀವು ಬಾಯ್ಲರಿನ ಬಾಗಿಲಲ್ಲಿ ಬಿದ್ದು ಸಾಯ್ತೀರಿ. ಕೆಂಪು ಲೈಟು, ಹೊಗೆ, ಅಷ್ಟೇ. ಗೊತ್ತಾಯ್ತಾ?”

ಗೊಂಬೆ ತಲೆಯಾಡಿಸಿತು.

ನಾಯಕಿ ಹೊಡೆದಳು. ಸಲಾಕೆ ಸ್ಪಂಜಿನದು. ಅವನು ಬಿದ್ದ. ಬೀಳುವಾಗ ಅವನ ಮನಸ್ಸಿನಲ್ಲಿದ್ದದ್ದು ಸರ್ಕಸ್ಸಿನವನೊಬ್ಬನೇ. ಅವನು ಎಷ್ಟು ಪಲ್ಟಿ ಹೊಡೆದರೂ ಸರಿಗಟ್ಟಲಾಗದ ಸಾವೊಂದನ್ನು ಸತ್ತು ತೋರಿಸಬೇಕೆಂಬ ಛಲ. ಆದರೆ ನೆಲಕ್ಕೆ ಬಿದ್ದ ಮೇಲೆ ಬಕೆಟ್ಟು ನೆನಪಾಯಿತು. ಸಿನಿಮಾ ಮುಗಿದು ತನ್ನ ಹೆಸರು ಪರದೆಯ ಮೇಲೆ ಬರುವ ಮುಂಚೆಯೇ ಥಿಯೇಟರಿನ ಲೈಟು ಹಾಕಿ, ಜನರೆಲ್ಲ ಎದ್ದುಹೋಗಿದ್ದು ನೆನಪಾಯಿತು. ಫೋನಿನಲ್ಲಿ ‘ಸರ್ಕಸ್ಸಿನವರು ಸಿಕ್ಕಿದ್ದಾರೆ’ ಎಂದಾಗ ತಾನು ‘ಒಳ್ಳೇದಾಯ್ತು ಬಿಡಿ’ ಎಂದು ನಕ್ಕಿದ್ದೂ ನೆನಪಾಯಿತು.

ಗೊಂಬೆ ಮೆಲ್ಲಗೆ ಎದ್ದು ಕೂತಿತು. ಸರಿದಿದ್ದ ಫ್ರಾಕನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡಿತು. ದೂರ ಹಾರಿಬಿದ್ದಿದ್ದ ಒಂದು ಬೂಟನ್ನು ತೆವಳಿಕೊಂಡು ಹೋಗಿ ತಂದು ಎದೆಗಪ್ಪಿಕೊಂಡಿತು. ಚೂರಿಯನ್ನು ನೋಡಿತು, ನಾಯಕಿಯನ್ನು ನೋಡಿತು, ಚೂರಿಯನ್ನು ಅವಳ ಕಡೆಗೇ ದೂಡಿತು. ಆಮೇಲೆ ಮಲಗುವ ಮಗುವಿನಂತೆ ಮಗ್ಗುಲಾಗಿ, ಕುತ್ತಿಗೆಯನ್ನು ಇಷ್ಟು ದಿನವಿಲ್ಲದ ಬಲಗಡೆಗೆ ವಾಲಿಸಿ ಸುಮ್ಮನಾಯಿತು.

ಯಾರೂ ಕಟ್ ಎನ್ನಲಿಲ್ಲ. ಹಗ್ಗದಾಚೆಯಿಂದ ಟೈಲರ್ ಅಕ್ಕ ಎದೆ ಬಿರಿಯುವಂತೆ ಒಮ್ಮೆ ಕೂಗಿಟ್ಟಳು. ಲೈಟು ಹಿಡಿದವನು ಮೂಗೊರೆಸಿಕೊಂಡ. ನಾಯಕಿ ಸಲಾಕೆ ಎಸೆದು ಕುಕ್ಕರುಗಾಲಲ್ಲಿ ಕೂತು ಅಳತೊಡಗಿದಳು. ಜನರನ್ನು ಕೊಲ್ಲಿಸಿಯೇ ಮನೆ ಕಟ್ಟಿಸಿದ್ದ ನಿರ್ಮಾಪಕರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜಿದರು.

ಅಷ್ಟರಲ್ಲಿ ಬಚ್ಚಲ ಕಿಟಕಿಯಿಂದ ನುಸುಳಿ, ಗೋಡೆ ಇಳಿದು ಸರ್ಕಸ್ಸಿನವನು ಅಲ್ಲಿಗೆ ಬಂದ. ಸರ್ಕಸ್ಸಿನವನನ್ನು ಚಿಲಕ ಹಾಕಿ ಹಿಡಿದಿಡಬಹುದೆಂದು ನಂಬಿದ್ದು ಗೊಂಬೆಯಣ್ಣನ ತಪ್ಪು. ಒಂದು ಗೊಂಬೆ ನೆಲದ ಮೇಲೆ, ಇನ್ನೊಂದು ಟವೆಲ್ ಹೊದ್ದು ಎದುರಿಗೆ. ಎಲ್ಲರೂ ಕಕ್ಕಾಬಿಕ್ಕಿಯಾದರು. ಗೊಂಬೆಯಣ್ಣ ಬೇರೆ ದಾರಿಯಿಲ್ಲದೆ ತಲೆ ತೆಗೆದ.

“ತಪ್ಪಾಯ್ತು ಸಾರ್,” ಎಂದ. “ಹೊಟ್ಟೆಕಿಚ್ಚು ತಡೆಯಕ್ಕಾಗಲಿಲ್ಲ.”

ನಿರ್ದೇಶಕರು ಹೊಡೆಯುತ್ತಾರೆಂದು ಅವನು ಕಣ್ಣು ಮುಚ್ಚಿಕೊಂಡರೆ, ಅವರು ತಬ್ಬಿಕೊಂಡರು. “ತಪ್ಪು ನಮ್ಮದು. ನಿಮ್ಮನ್ನ ಬಿಟ್ಟು ಈ ಸಿನಿಮಾ ಶುರುಮಾಡಿದ್ದೇ ತಪ್ಪು.”

ಹಗ್ಗದಾಚೆ ಚಪ್ಪಾಳೆ ಮೊಳಗಿತು. ಗೊಂಬೆಯಣ್ಣ ಆಗ ನೆಲದಿಂದ ಒಂದಡಿ ಮೇಲಿದ್ದ. ಸರ್ಕಸ್ಸಿನವನೂ ಚಪ್ಪಾಳೆ ತಟ್ಟುತ್ತಿದ್ದ. ಆದರೆ ಅವನ ಮುಖ ಬಾಡಿತ್ತು.

“ಅಣ್ಣಾ, ಎಂಥ ಕೆಲಸ ಮಾಡಿದ್ರಿ,” ಎಂದ ಅವನು ಹತ್ತಿರ ಬಂದು. “ನಾನು ಈ ತಿಂಗಳೇ ಸರ್ಕಸ್ಸಿಗೆ ವಾಪಸ್ ಹೋಗ್ತಿದ್ದೀನಿ. ಮೂರನೇ ಭಾಗಕ್ಕೆ ನೀವೇ ಆಗಬೇಕು ಅಂತ ನಿನ್ನೆ ಇವರ ಹತ್ತಿರ ಜಗಳ ಮಾಡಿ ಒಪ್ಪಿಸಿದ್ದೆ. ಇವತ್ತು ಸಂಜೆ ಮ್ಯಾನೇಜರು ನಿಮ್ಮ ಅಂಗಡಿಗೆ ಬರೋರಿದ್ರು.”

“ಹೌದಾ ಸಾರ್?” ಗೊಂಬೆಯಣ್ಣನ ಮುಖ ಅರಳಿತು. “ಹಾಗಾದ್ರೆ ಮೂರನೇ ಭಾಗ ನಂದೇ?”

ನಿರ್ದೇಶಕರು ನಿರ್ಮಾಪಕರ ಮುಖ ನೋಡಿದರು. ನಿರ್ಮಾಪಕರು ಕನ್ನಡಕ ಹಾಕಿಕೊಂಡರು.

“ಯಾವ ಮೂರನೇ ಭಾಗ?” ಎಂದರು. “ಸತ್ತ ಗೊಂಬೆ ಕೊನೇಲಿ ಕಣ್ಣು ಬಿಡುತ್ತೆ ಅನ್ನೋ ಶಾಟ್ ಒಂದಿತ್ತು, ಅದರಿಂದ ಮೂರನೇದಕ್ಕೆ ದಾರಿ. ನೀವು ಹೀಗೆ ಸತ್ತ ಮೇಲೆ ಆ ಕಣ್ಣನ್ನ ಯಾವ ಮುಖ ಇಟ್ಕೊಂಡು ಬಿಡಿಸೋದು? ಜನ ನಮ್ಮನ್ನ ಥಿಯೇಟರಿಂದ ಓಡಿಸ್ತಾರೆ. ಗೊಂಬೆಯ ಕತೆ ಇಲ್ಲಿಗೆ ಮುಗೀತು.”

“ಸಾರ್, ಇನ್ನೊಂದು ಸಲ ತೆಗೀರಿ ಸಾರ್. ಕೆಟ್ಟದಾಗಿ ಸಾಯ್ತೀನಿ.”

“ನಿಮ್ಮಿಂದ ಆಗಲ್ಲ,” ಎಂದರು ನಿರ್ದೇಶಕರು ಅಪಾರ ಗೌರವದಿಂದ.

ಆದರೂ ಅವನ ಕಾಟ ತಡೆಯಲಾರದೆ ಇನ್ನೊಮ್ಮೆ ಕ್ಯಾಮೆರಾ ಓಡಿಸಿದರು. ಅವನು ಎಷ್ಟಾಗುತ್ತದೋ ಅಷ್ಟು ಕೆಟ್ಟದಾಗಿ, ಒದ್ದಾಡಿ, ಕೈಕಾಲು ಚಾಚಿ ಸತ್ತ. ಈ ಬಾರಿ ಅಡಿಗೆಯವರೂ ಅತ್ತರು. ಈಗಷ್ಟೇ ಕೈಗೆ ಬಂದ ಪಾತ್ರ ಕೈತಪ್ಪಿದ ದುಃಖ ಆ ಸಾವಿನಲ್ಲಿ ಎದ್ದು ಕಾಣುತ್ತಿತ್ತಂತೆ.

ಅಷ್ಟರಲ್ಲಿ ನಿರ್ದೇಶಕರು ಹಗ್ಗದ ಕಡೆ ನಡೆದಿದ್ದರು. “ಮೊದಲ ಸಲ ಕೂಗಿದ್ದು ಯಾರು?”

ಪೋಸ್ಟ್‌ಮಾಸ್ಟರ್ ತಾತ ಟೈಲರ್ ಅಕ್ಕನನ್ನು ಮುಂದೆ ತಳ್ಳಿದ. ಅವಳು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾ, “ಗೊತ್ತಿಲ್ಲದೆ ಬಂದುಬಿಡ್ತು ಸಾರ್,” ಎಂದಳು.

“ಏನು ಕೆಲಸ ನಿಮ್ಮದು?”

“ಹೊಲಿಗೆ.”

ನಿರ್ದೇಶಕರು ತಿರುಗಿ ನಿರ್ಮಾಪಕರನ್ನು ನೋಡಿದರು. ಇಬ್ಬರ ಕಣ್ಣಲ್ಲೂ ಒಂದೇ ಸಲ ಸೂಜಿಯೊಂದು ಮಿಂಚಿತು.

ಸಂಜೆ ಗೊಂಬೆಯಣ್ಣ ಮಣೆಯ ಮೇಲೆ ನಿಂತು, ಎದುರಿಗೆ ಕಾಯುತ್ತಿದ್ದ ಗಿರಾಕಿಯ ಕೀ ಉಜ್ಜುತ್ತಿದ್ದ. ಮ್ಯಾನೇಜರು ಬಂದ, ಅಂಗಡಿಯ ಮುಂದೆಯೇ ಹಾದು ನೇರ ಮಹಡಿ ಹತ್ತಿದ. ಕೊಲೆಗಾರ ಹೊಲಿಗೆ ಮೆಷಿನ್ನಿನ ಸಿನಿಮಾ, ಟೈಲರ್ ಅಕ್ಕನೇ ನಾಯಕಿ, ಅವಳಿಗೆ ಮೆತ್ತೆಯ ಕುರ್ಚಿ ಎಂಬ ಸುದ್ದಿಯನ್ನು, ಅವನ ಹಿಂದೆಯೇ ಹತ್ತಿದ್ದ ಪೋಸ್ಟ್‌ಮಾಸ್ಟರ್ ತಾತ ಮೆಟ್ಟಿಲಿಳಿಯುತ್ತಲೇ ಬೀದಿಗೆಲ್ಲ ಹಂಚಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಿರುಚುವ ಅಭ್ಯಾಸ ಶುರುವಾಯಿತು. ಒಂದು ಉದ್ದನೆಯದು, ಎರಡು ಗಿಡ್ಡನೆಯವು.

ಹೆಂಡತಿ ಟೀ ತಂದು ಕೌಂಟರಿನ ಮೇಲಿಟ್ಟಳು.

“ಕೇಳಿದ್ಯಾ?” ಎಂದ ಅವನು, ಅರ ಕೆಳಗಿಟ್ಟು. “ಅದಕ್ಕೆ ಕಿರುಚೋದು ಅಂತಾರಾ? ಜೀವವೇ ಇಲ್ಲ. ಹೊಟ್ಟೆಯಿಂದ ಬರಬೇಕು. ನಾನು ತೋರಿಸ್ತೀನಿ ನೋಡು,” ಎಂದು ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಬಾಯಿ ತೆರೆದ.

“ರೀ,” ಎಂದಳು ಅವಳು ಮೆಲ್ಲಗೆ, “ಸ್ವಲ್ಪ ತಡೀರಿ. ಗಿರಾಕಿ ಕೀ ತಗೊಂಡು ಹೋಗಲಿ.”