ಕೊಪ್ಪದ ಈಜು ಸಂಘ ಮತ್ತು ನನ್ನ ಉಡುದಾರ

ಬಾರದ ವಿದ್ಯೆಯನ್ನು ಬರುತ್ತದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಸಂಗೀತ ಬರುತ್ತದೆ ಎಂದವನು, ಹಾಡು ಎಂದಾಗ ಗಂಟಲು ಕಟ್ಟಿದೆ ಎನ್ನಬಹುದು. ಈಜು ಬರುತ್ತದೆ ಎಂದವನಿಗೆ ಆ ಅನುಕೂಲವಿಲ್ಲ. ಇದು ನನಗೆ ಸ್ವಲ್ಪ ತಡವಾಗಿ ತಿಳಿಯಿತು. ಯುದ್ಧಕ್ಕೆ ಮುಂಚಿನ ಮಾತು. ಆಗ ನಾನು ಕೊಪ್ಪದ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಊರಿನ ಹೊಸ ಈಜು ಸಂಘಕ್ಕೆ ಕಾರ್ಯದರ್ಶಿ. "ಈಜು ಬರ್ತದಷ್ಟೆ?" ಎಂದು ಸಂಘದ ಅಧ್ಯಕ್ಷರು, ಅಡಿಕೆ ವ್ಯಾಪಾರಿ ಬಸಪ್ಪಯ್ಯನವರು ಕೇಳಿದಾಗ "ಸುಮಾರಾಗಿ" ಎಂದಿದ್ದೆ. ಆ ಮಾತು ಊರು ಸುತ್ತಿ ನನ್ನ ಹೆಂಡತಿಯ ಕಿವಿಗೆ ಬೀಳುವಷ್ಟರಲ್ಲಿ ನಾನು ತುಂಬಿದ ತುಂಗೆಯನ್ನು ಎರಡು ಸಲ ದಾಟಿದ್ದೆ. ಬಚ್ಚಲ ಹಂಡೆಗೇ ಹೆದರುವ ನನ್ನನ್ನು ಬಲ್ಲವಳು ಅವಳೊಬ್ಬಳೇ. ಕೇಳಿ ನಕ್ಕಳು.

ಗುಡ್ಡದ ಬುಡದಲ್ಲಿ ಕೊಳ ತೋಡಿಸಿ, ಕಲ್ಲು ಕಟ್ಟಿಸಿ, ಹಳ್ಳದ ನೀರು ತಿರುಗಿಸಿದೆವು. ಆಗ ಎದ್ದಿತು ಮಡಿಯ ಪ್ರಶ್ನೆ. ನಿಂತ ನೀರಿನಲ್ಲಿ ಒಬ್ಬರು ಮಿಂದ ಮೇಲೆ ಇನ್ನೊಬ್ಬರು ಇಳಿಯುವುದು ಹೇಗೆ? ನೀರು ಹರಿಯುತ್ತಲೇ ಇರಬೇಕು, ಅದಕ್ಕೆ ಕೊಳದ ತಳದಲ್ಲಿ ದೊಡ್ಡದೊಂದು ತೂಬು ಇಡಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನು. ಮಡಿಯ ಮೇಲೆ ನನಗೆ ಅಷ್ಟು ಭಕ್ತಿ ಹಿಂದೆಂದೂ ಬಂದಿರಲಿಲ್ಲ. ತೂಬು ಬಂತು, ನೀರು ಮೊಣಕಾಲು ದಾಟಲಿಲ್ಲ. ಕೈಯನ್ನು ನೆಲಕ್ಕೂರಿ ಕಾಲು ಬಡಿಯುತ್ತಾ ಇಡೀ ಸಂಘ ಈಜಿತು. ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದವನೂ ನಾನೇ. ನರಸಿಂಹರಾಜಪುರದ ಸಾಹುಕಾರರೊಬ್ಬರು ಕೊಳ ನೋಡಿ, "ನಾಟಿ ಯಾವತ್ತು ಮಾರಾಯ್ರೆ?" ಎಂದು ಕೇಳಿದ್ದೊಂದೇ ಬೇಸರದ ಸಂಗತಿ.

ವರ್ಷ ತುಂಬಿದಾಗ ಬಸಪ್ಪಯ್ಯನವರು ಶೃಂಗೇರಿಯ ಈಜುಗಾರರನ್ನು ಕರೆಸಿದರು. ಅವರ ಮುಖಂಡರು, ಯಾತ್ರಿಕರಿಗೆ ಅಡುಗೆ ಮಾಡುವ ಭಟ್ಟರು, ತುಂಗೆಯಲ್ಲೇ ಬೆಳೆದವರು. ಅವರೆದುರು ಕೊಪ್ಪದ ಮಾನ ಹೋಗಬಾರದೆಂದು ಅಧ್ಯಕ್ಷರು ತೂಬಿನ ಹೊರಬಾಯಿಗೆ ಬಾಳೆದಿಂಡು ಬಡಿಸಿದ್ದರು. ನಾನು ಹೋಗಿ ನೋಡುತ್ತೇನೆ, ಕೊಳ ತುಂಬಿ ಆಳು ಮುಳುಗುವಷ್ಟು ನೀರು. ಕಾರ್ಯಕ್ರಮ ಹೀಗಿತ್ತು: ಕಾರ್ಯದರ್ಶಿಯಿಂದ ಸಂಘದ ಚರಿತ್ರೆ, ನಂತರ ಕಾರ್ಯದರ್ಶಿಯಿಂದ ಮೊದಲ ಧುಮುಕು. ಮುಂದಿನ ಸಾಲಿನಲ್ಲಿ ನಮ್ಮ ಕಚೇರಿಯ ಮೇಲಧಿಕಾರಿ ಅಮಲ್ದಾರರು. ಸುಳ್ಳೆಂದು ತಿಳಿದರೆ ನಾಳೆ ಕಚೇರಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ನಿಜವಾಗಿ ಹೆದರಿದೆ. ಯಾರೂ ನೋಡದಾಗ ಹಿಂದೆ ಹೋಗಿ ಬಾಳೆದಿಂಡು ಕಿತ್ತೆ.

ನೀರು ಬಸಿಯುವವರೆಗೆ ಮಾತಾಡಬೇಕು. ಸಂಘಕ್ಕೋ ಒಂದೇ ವರ್ಷದ ಚರಿತ್ರೆ. ಹಾಗಾಗಿ ಭಗೀರಥನಿಂದ ಶುರು ಮಾಡಿದೆ. ಕೊಳಕ್ಕೆ ಬೆನ್ನು ಹಾಕಿ, ತೂಬಿನ ಭೋರ್ಗರೆತಕ್ಕೆ ಕಿವಿಗೊಟ್ಟು, ಗಂಗೆಯನ್ನು ಹಿಮಾಲಯದಿಂದ ಮೆಲ್ಲಗೆ ಇಳಿಸಿದೆ. ಅಮಲ್ದಾರರು ತೂಕಡಿಸಿದರು. ಗಂಗೆ ಕೊಪ್ಪ ತಲುಪುವ ಹೊತ್ತಿಗೆ ಭೋರ್ಗರೆತ ನಿಂತಿತು. ನೀರೆಲ್ಲ ಬಸಿಯಿತು ಎಂದುಕೊಂಡೆ. ನೀರು ಇಳಿಯುವುದನ್ನು ಕಂಡ ಬಸಪ್ಪಯ್ಯನವರು ಆಗಲೇ ಎದ್ದು ಹೋಗಿ ದಿಂಡು ಬಡಿದು, ಕೊಳ ಮತ್ತೆ ತುಂಬಲು ಬಿಟ್ಟಿದ್ದಾರೆಂದು ನನಗೇನು ಗೊತ್ತು? ನಾನು ಭಾಷಣದ ಅಮಲಿನಲ್ಲಿ ಇನ್ನೂ ಅರ್ಧ ಗಂಟೆ ಎಳೆದು, "ಈಗ ನೋಡಿ" ಎಂದು ತಿರುಗಿದವನೇ ಹಾರಿದೆ.

ಕಾಲಿಗೆ ನೆಲ ಸಿಗಲಿಲ್ಲ. ಕೈಗೆ ಏನೂ ಸಿಗಲಿಲ್ಲ. ಭಟ್ಟರು ಹಾರಿ ಬಂದರು. ಫ್ಯಾಷನ್ನಿಗೆ ಕ್ರಾಪು ಬಿಟ್ಟಿದ್ದ ನನಗೆ, ಹಿಡಿಯಲು ಜುಟ್ಟೂ ಇರಲಿಲ್ಲ. ಕೊನೆಗೆ ಉಡುದಾರ ಹಿಡಿದು ದಡಕ್ಕೆಳೆದರು.

ಎಲ್ಲ ಮುಗಿಯಿತು ಎಂದುಕೊಂಡೆ. ಆಗ ಬಸಪ್ಪಯ್ಯನವರು ಗಂಭೀರವಾಗಿ ಎದ್ದು, "ಮುಳುಗುವವರನ್ನು ಉಳಿಸೋದು ಹ್ಯಾಗೆ ಅಂತ ನಮ್ಮ ಕಾರ್ಯದರ್ಶಿಗಳು ಈಗ ತೋರಿಸಿಕೊಟ್ರು" ಎಂದರು. ಅಮಲ್ದಾರರು ಎಚ್ಚೆತ್ತು ಚಪ್ಪಾಳೆ ತಟ್ಟಿ, ಇಷ್ಟು ಸಹಜವಾಗಿ ಮುಳುಗಿದವರನ್ನು ತಾವು ಕಂಡಿಲ್ಲವೆಂದೂ ಇದು ಪ್ರತಿ ವರ್ಷವೂ ನಡೆಯಲೆಂದೂ ಅಪ್ಪಣೆ ಕೊಡಿಸಿದರು. ಭಟ್ಟರು ನನ್ನ ಕಿವಿಯಲ್ಲಿ, "ಬರೋ ವರ್ಷ ಗಟ್ಟಿ ಉಡುದಾರ ಕಟ್ಕಳಿ ಮಾರಾಯ್ರೆ" ಎಂದರು.

ಮನೆಗೆ ಬಂದ ಮೇಲೆ ಹೆಂಡತಿ, ಇನ್ನಾದರೂ ಈಜು ಕಲಿಯಿರಿ ಎಂದಳು. ಕಲಿಯಬಹುದಿತ್ತು. ಆದರೆ ಈಜು ಬಂದವನಿಗೆ ಅಷ್ಟು ಸಹಜವಾಗಿ ಮುಳುಗಲು ಬಂದೀತೆ? ಸಂಘದ ಹಿತಕ್ಕಾಗಿ ಇವತ್ತಿನವರೆಗೂ ಕಲಿತಿಲ್ಲ.